ದಾನಕ್ಕೊಂದು ಶಾಸನ ಬೇಕು

ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇಗುಲವನ್ನು ಅಲ್ಲಿಯ ಶಾಸನವು ದೇವಾಲಯ ಚಕ್ರವರ್ತಿಯೆಂದು ಕೊಂಡಾಡಿರುವುದು ವಾಚಕರು ಬಲ್ಲ ಸಂಗತಿ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಒಂದು ವಿಚಾರ ಹೊಳೆಯದೆ ಇರದು. ನಮ್ಮ ಹಿರಿಯರು ಎತ್ತಿಕೊಟ್ಟು ಸುಮ್ಮನಾಗುತ್ತಿರಲಿಲ್ಲ. ಕೊಟ್ಟದ್ದೇನು, ಅದರ ಎಲ್ಲೆ ಯಾವುದು, ಅನುಭವಿಸತಕ್ಕವರು ಯಾರು, ಕೆಡಿಸಿದವನಿಗೆ ಒದಗುವ ಪಾಪವೇನು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ದಾನಿಯ ಕಾಲಾನಂತರವೂ ದಾನವು ದಾನವಾಗಿಯೇ ಉಳಿಯಬೇಕಾದರೆ ಶಾಸನ ಬೇಕೆಂಬ ವಿವೇಕ ಅವರಲ್ಲಿತ್ತು.

ಈ ಮಾತು ಈಗ ನೆನಪಾಗಲು ಕಾರಣವುಂಟು. ಕುಷ್ಟಗಿ ಕಡೆಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಿದ್ದ. ಕನ್ನಡ ಬರೆವಣಿಗೆಯ ಕಾಗುಣಿತದ ತಪ್ಪುಗಳನ್ನು ತೋರಿಸಿಕೊಡುವ ತಂತ್ರಾಂಶದ ಲೈಬ್ರರಿಯೊಂದನ್ನು ಆತ ಸಿದ್ಧಪಡಿಸುತ್ತಿದ್ದಾನೆ. ಲೈಬ್ರರಿಯೆಂದರೆ ಇಲ್ಲಿ ಪುಸ್ತಕ ಭಂಡಾರವಲ್ಲ. ಬೇರೆ ಬೇರೆ ತಂತ್ರಾಂಶಗಳು ತಮ್ಮೊಳಗೆ ಸೇರಿಸಿಕೊಂಡು ಕೆಲಸ ಮಾಡಿಸಿಕೊಳ್ಳಬಹುದಾದ ಸಿದ್ಧ ಸಂಕೇತಗಳ ಗುಚ್ಛ. “ಎಲ್ಲಾರಿಗೂ ಪುಕ್ಕಟೆ ಕೊಡೂದೈತಿ ಅಂದಮ್ಯಾಲ ಲೈಸೆನ್ಸ್ ಯಾಕ ಬೇಕ್ರಿ ಸರ?” ಎಂದು ಅವನು ಕೇಳಿದ. ಪ್ರಶ್ನೆ ಸರಳವಾದುದು, ಉತ್ತರ ಅಷ್ಟು ಸರಳವಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯು ಕಂಪ್ಯೂಟರಿನ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಗಳ ಸಾಲಿನಲ್ಲಿಯೇ ಎಣಿಸುತ್ತದೆ. ಬರೆದವನು ಏನನ್ನೂ ಹೇಳದಿದ್ದರೆ ಹಕ್ಕೆಲ್ಲವೂ ಅವನ ಜೀವಿತಕಾಲದಲ್ಲಿಯೂ ಅನಂತರದ 60 ವರ್ಷಗಳವರೆಗೂ ಅವನಿಗೋ ಅವನ ವಾರಸುದಾರರಿಗೋ ಸೇರಿರುತ್ತದೆ. ಎಲ್ಲರಿಗೂ ಕಾಣುವಂತೆ ಇಟ್ಟಮಾತ್ರಕ್ಕೆ ಎತ್ತಿಕೊಳ್ಳುವ ಅಧಿಕಾರ ಯಾರಿಗೂ ಬರುವುದಿಲ್ಲ. ಇಲ್ಲಿ ಮೌನವು ಔದಾರ್ಯವಲ್ಲ, ನಿಷೇಧವೇ ಆಗುತ್ತದೆ. ನೌಕರಿಯ ಕೆಲಸವಾಗಿ ಬರೆದುದಾದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಹಕ್ಕು ನೌಕರಿ ಕೊಟ್ಟವನದೇ ಆಗುವುದರಿಂದ ಆ ಮಾತನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಇನ್ನು ಯಾವ ಲೈಸೆನ್ಸ್? ಮುಖ್ಯವಾಗಿ ಮೂರು ದಾರಿಗಳಿವೆ. ಎಂಐಟಿ, ಬಿಎಸ್‌ಡಿ ಮೊದಲಾದವು ಉದಾರವಾದವು: ನನ್ನ ಹೆಸರನ್ನೂ ಈ ಒಪ್ಪಿಗೆಯ ಪತ್ರವನ್ನೂ ಅಳಿಸಬೇಡ, ಉಳಿದಂತೆ ಏನು ಬೇಕಾದರೂ ಮಾಡಿಕೋ ಎನ್ನುತ್ತವೆ. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ರೂಪಿಸಿದ ಜಿಪಿಎಲ್ ನಿಷ್ಠುರವಾದುದು: ಇದನ್ನು ತನ್ನ ತಂತ್ರಾಂಶದಲ್ಲಿ ಬೆರೆಸಿ ಹಂಚುವವನು ಆ ತಂತ್ರಾಂಶದ ಮೂಲ ಸಂಕೇತವನ್ನೂ ಇದೇ ಕರಾರಿನ ಮೇಲೆ ಕೊಡಬೇಕು. ಲೈಬ್ರರಿಗಳಿಗಾಗಿಯೇ 1991ರಲ್ಲಿ ಬಂದ ಎಲ್‌ಜಿಪಿಎಲ್ ನಡುದಾರಿಯದು: ಲೈಬ್ರರಿಯನ್ನು ತಿದ್ದಿ ಹಂಚಿದರೆ ಆ ತಿದ್ದುಪಡಿಯನ್ನು ಬಹಿರಂಗಪಡಿಸಬೇಕು, ಅದನ್ನು ಬಳಸಿಕೊಂಡ ತಂತ್ರಾಂಶವು ಬೇರೆ ಕರಾರಿನಲ್ಲಿರಬಹುದು.

ಗಂಗಾವತಿಯ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಾಲುವೆಯ ಮೇಲ್ಭಾಗದವನಿಗೆ ಕಟ್ಟಳೆಯಿಲ್ಲದಿದ್ದರೆ ಕೊನೆಯ ಹೊಲದವನ ಗತಿಯೇನೆಂಬುದು ಅವನ ಅನುಭವದಲ್ಲಿದೆ. ಆದರೆ ಹೋಲಿಕೆಗೂ ಮಿತಿಯಿದೆ. ನೀರು ಬಳಸಿದಷ್ಟೂ ತೀರುತ್ತದೆ, ಸಂಕೇತ ತೀರದು. ಇಲ್ಲಿರುವ ಭಯ ಬೇರೆ ಬಗೆಯದು. ನಮ್ಮ ತರುಣನ ಲೈಬ್ರರಿಯನ್ನು ದೊಡ್ಡ ಸಂಸ್ಥೆಯೊಂದು ಎತ್ತಿಕೊಂಡು, ಚೆನ್ನಾಗಿ ತಿದ್ದಿ, ತಿದ್ದುಪಡಿಯನ್ನು ಮುಚ್ಚಿಟ್ಟುಕೊಂಡರೆ ಕನ್ನಡಕ್ಕೆ ಬರಬೇಕಾದ ಬೆಳೆ ಬಾರದೆ ಹೋಗುತ್ತದೆ. ಇದಕ್ಕೆ ಎದುರಾದ ಭಯವೂ ಅಷ್ಟೇ ನಿಜ. ಕರಾರು ಬಿಗಿಯಾದರೆ ಯಾರೂ ಹತ್ತಿರ ಸುಳಿಯದೆ, ಕನ್ನಡವಿಲ್ಲದೆಯೇ ಕೆಲಸ ಸಾಗಿಸಿಬಿಡಬಹುದು.

ಸ್ಟಾಲ್ಮನ್ನರೇ ಎಲ್ಲೆಡೆಯೂ ಒಂದೇ ಹಟ ಹಿಡಿದವರಲ್ಲ. ಬೇರೆಲ್ಲಿಯೂ ಸಿಗದ ಲೈಬ್ರರಿಗೆ ಜಿಪಿಎಲ್ ಲೇಸೆಂದು ವಾದಿಸಿದ ಅವರು, ಆಗ್ ವೋರ್ಬಿಸ್ ಎಂಬ ಧ್ವನಿಮಾದರಿ ಬೇಗ ಹಬ್ಬಲೆಂದು ಅದರ ಲೈಬ್ರರಿಗೆ ಉದಾರ ಲೈಸೆನ್ಸನ್ನು 2001ರಲ್ಲಿ ಅನುಮೋದಿಸಿದರು. ಲೈಸೆನ್ಸ್ ಸಾಧನವೇ ಹೊರತು ವ್ರತವಲ್ಲ.

ಇನ್ನೊಂದು ಎಚ್ಚರವೂ ಅವಶ್ಯ. ಶ್ರೀ ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಕಿಯಾಗಿ ದುಡಿದು ರಚಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ನಮೂದುಗಳ ‘ಅಲರ್’ ನಿಘಂಟು 2019ರಲ್ಲಿ ಒಡಿಬಿಎಲ್ ಎಂಬ ಮುಕ್ತ ಲೈಸೆನ್ಸಿನಲ್ಲಿ ಲೋಕಕ್ಕೆ ಸಂದಿತು. ಅದರಿಂದ ಪದಪಟ್ಟಿಯನ್ನು ತೆಗೆದು ಬೆಳೆಸಿ ಪ್ರಕಟಿಸುವವನು ಮೂಲವನ್ನು ಸ್ಮರಿಸಬೇಕು. ತನ್ನ ಪಟ್ಟಿಯನ್ನೂ ಅದೇ ಕರಾರಿನಲ್ಲಿ ಬಿಡಬೇಕು. ಆದುದರಿಂದ ಸಂಕೇತಕ್ಕೊಂದು, ಪದಸಂಪತ್ತಿಗೊಂದು ಎಂದು ಲೈಸೆನ್ಸು ಎರಡಾಗಬಹುದು. ಕೊಡುವ ಮುನ್ನ ತಂದದ್ದರ ಋಣವನ್ನು ಲೆಕ್ಕ ಹಾಕಬೇಕು.

ನಮ್ಮ ಅಭಿಪ್ರಾಯದಲ್ಲಿ ಈ ತರುಣನಿಗೆ ಎಲ್‌ಜಿಪಿಎಲ್ ಒಪ್ಪುವಂಥದು. ಬಳಸುವವನಿಗೆ ಬಾಗಿಲು ತೆರೆದಿರುತ್ತದೆ. ತಿದ್ದಿದ್ದು ಕನ್ನಡಕ್ಕೆ ಮರಳುತ್ತದೆ. ತನ್ನದೇ ಮಾತುಗಳಲ್ಲಿ ಹೊಸ ಕರಾರನ್ನು ಬರೆಯುವ ಸಾಹಸ ಬೇಡ. ಬಲ್ಲವರು ಬರೆದಿಟ್ಟುದನ್ನು ಇದ್ದಂತೆ ಇರಿಸಲಿ. ಕೆಲಸ ಇಂದೇ ಆಗಲಿ. ನಾಳೆ ಹತ್ತು ಮಂದಿ ಕೈಸೇರಿಸಿದ ಮೇಲೆ ಲೈಸೆನ್ಸನ್ನು ಬದಲಿಸಬೇಕಾದರೆ ಆ ಹತ್ತು ಮಂದಿಯ ಒಪ್ಪಿಗೆಯನ್ನೂ ಪಡೆಯಬೇಕಾದೀತು.

ತಿರುಳ್ಗನ್ನಡದ ನಾಡಿನ ಎಲ್ಲೆಯನ್ನು ಗುರುತಿಸುವಾಗ ಕವಿರಾಜಮಾರ್ಗವು ಹೆಸರಿಸಿದ ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಆ ನೆಲದ ಹುಡುಗನೊಬ್ಬ ಕನ್ನಡಕ್ಕೆ ದಾನ ಮಾಡಹೊರಟಿರುವಾಗ, ಅದರ ಎಲ್ಲೆಯನ್ನು ಬರೆದಿಡಲು ಮರೆಯಬಾರದು.