ಸಣ್ಣ ದೋಣಿಯ ದೊಡ್ಡ ಹೊಣೆ

ಮಳೆಗಾಲ ಕಳೆದ ಮೇಲೆ ರಜೆಯ ಸಂಜೆ ಗೇಟ್‌ವೇ ಆಫ್ ಇಂಡಿಯಾದ ಬಳಿ ಗಾಳಿಗೆ ನಿಲ್ಲುವ ನಮ್ಮ ವಾಚಕರು, ದಡದಿಂದ ದೂರದಲ್ಲಿ ನಿಂತ ಹಾಯಿನಾವೆಗಳನ್ನು ಕಾಣದೆ ಇರಲಾರರು. ಅವುಗಳ ತಳ ಆಳವಾದುದು. ಎಲ್ಲ ಕಡೆಯೂ ದಡಕ್ಕೆ ತಾಗಿ ನಿಲ್ಲಲಾರವು. ಜನ, ಕುಡಿಯುವ ನೀರು, ದಿನಸಿ ಎಲ್ಲವನ್ನೂ ಸಾಗಿಸುವುದು ‘ಡಿಂಗಿ’ ಎಂಬ ಪುಟ್ಟ ದೋಣಿ. ನಾವೆಗೆ ಲಕ್ಷಗಟ್ಟಲೆ ವೆಚ್ಚಮಾಡಿದವರೂ ಈ ದೋಣಿಯ ವಿಷಯದಲ್ಲಿ ಉದಾಸೀನರಾಗುವುದುಂಟು. ಇದು ಸಲ್ಲದೆಂಬುದು ನಮ್ಮ ಅಭಿಪ್ರಾಯ.

1895ರಿಂದ 1898ರ ವರೆಗೆ ‘ಸ್ಪ್ರೇ’ ಎಂಬ ಹಾಯಿನಾವೆಯಲ್ಲಿ ಏಕಾಕಿಯಾಗಿ ಪ್ರಪಂಚವನ್ನು ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್. ಇಡೀ ದೋಣಿಗೆ ಸ್ಥಳ ಸಾಲದೆಂದು ಆತ ಹಳೆಯ ದೋಣಿಯೊಂದನ್ನು ಅಡ್ಡಲಾಗಿ ಕೊಯ್ದು, ಕೊಯ್ದ ಬದಿಗೆ ಹಲಗೆ ಬಡಿದು, ಅರ್ಧ ದೋಣಿಯನ್ನೇ ಒಯ್ದನು. 1895ರ ಡಿಸೆಂಬರಿನಲ್ಲಿ ಉರುಗ್ವೆಯ ತೀರದಲ್ಲಿ ‘ಸ್ಪ್ರೇ’ ಮರಳಿನಲ್ಲಿ ಸಿಕ್ಕಿಬಿತ್ತು. ಅದನ್ನು ಎಳೆದು ಬಿಡಿಸಲೆಂದು ಲಂಗರನ್ನೂ ಹಗ್ಗವನ್ನೂ ಅರ್ಧ ದೋಣಿಗೆ ಹೇರಿ ಹೊರಟಾಗ ಅದು ಮಗುಚಿತು. ತನಗೆ ಈಜು ಬಾರದೆಂಬುದು ಆತನಿಗೆ ಆಗ ನೆನಪಾಯಿತಂತೆ! ಅಂಚನ್ನು ಬಿಗಿಹಿಡಿದು, ಮೂರು ಸಲ ಸೋತು, ನಾಲ್ಕನೆಯ ಸಲ ಅದನ್ನು ನೆಟ್ಟಗೆ ಮಾಡಿ ಬದುಕಿಕೊಂಡನು. ಮಹಾಸಾಗರವನ್ನು ದಾಟಿ ಬಂದವನು ದಡದ ನೀರಿನಲ್ಲಿ ಮುಳುಗುವುದರಲ್ಲಿದ್ದನು.

ಆದುದರಿಂದ ಆಯ್ಕೆಯಲ್ಲಿ ವಿವೇಚನೆ ಬೇಕು. ಗಾಳಿ ತುಂಬುವ ರಬ್ಬರು ದೋಣಿಯನ್ನು ಮಡಿಸಿ ಇಡಬಹುದು; ಹೆಚ್ಚು ಭಾರ ಹೊರುವುದು, ಸುಲಭವಾಗಿ ಮಗುಚದು. ಆದರೆ ಎದುರುಗಾಳಿಯಲ್ಲಿ ಹುಟ್ಟು ಹಾಕುವುದು ಕಷ್ಟ. ಚೂಪುಗಲ್ಲು ತಗುಲಿದರೆ ಹರಿಯುವುದು. ಗಟ್ಟಿ ದೋಣಿಗೆ ಹುಟ್ಟು ಹಾಕುವುದು ಸುಲಭ, ಕಲ್ಲಿನ ತೀರಕ್ಕೂ ಅದು ತಡೆಯುವುದು. ಆದರೆ ನಾವೆಯ ಮೇಲೆ ಸ್ಥಳ ಬೇಡುವುದು. ತಮ್ಮ ಅಗತ್ಯವನ್ನು ನೋಡಿ ಕೊಳ್ಳಬೇಕೇ ಹೊರತು ಅಂದವನ್ನು ನೋಡಿ ಅಲ್ಲ.

ಬಳಕೆಯಲ್ಲಿಯೂ ನಿಯಮಗಳುಂಟು. ಯಂತ್ರವಿದ್ದರೂ ಹುಟ್ಟುಗಳಿರತಕ್ಕದ್ದು. ಎರಡು ಸಲದ ಸಾಮಾನನ್ನು ಒಂದೇ ಸಲ ಹೇರಬಾರದು. ದೋಣಿಯ ನಡುವೆ ಕಾಲಿಟ್ಟು ಕೂಡಲೇ ಕುಳಿತುಕೊಳ್ಳಬೇಕು. ರಾತ್ರಿ ದೀಪವಿರಬೇಕು. ದೂರದ ಕಡಲಿಗೆ ಹೊರಟರೆ ದೋಣಿಯನ್ನು ಹಿಂದೆ ಕಟ್ಟಿ ಎಳೆಯದೆ, ಮೇಲಕ್ಕೆತ್ತಿ ಬಿಗಿಯಬೇಕು. ದಾರಿ ನೂರು ಮಾರಿನದೇ ಆದರೂ ಲೈಫ್ ಜಾಕೆಟ್ ಮೈಮೇಲಿರಬೇಕು, ಮೂಲೆಯಲ್ಲಲ್ಲ.

ಈ ದೋಣಿಯನ್ನು ನಡೆಸುವವನು ಎಷ್ಟೋ ವೇಳೆ ಸಂಬಳದ ಆಳು. ಹೋಟೆಲು ನಡೆಸಿದ ನಾವು ಇದನ್ನು ಬಲ್ಲೆವು: ಹಿಂಬಾಗಿಲ ಮೆಟ್ಟಿಲು ಮುರಿದಿದ್ದರೆ ಮೊದಲು ಬೀಳುವವನು ಗಲ್ಲಾದಲ್ಲಿ ಕುಳಿತ ಧಣಿಯಲ್ಲ, ತಟ್ಟೆ ಹೊತ್ತ ಹುಡುಗ. ಧಣಿಯ ಉಳಿತಾಯಕ್ಕೆ ಆಳಿನ ಪ್ರಾಣ ಬೆಲೆಯಾಗಬಾರದು. ನಾವೆಯ ಒಡೆಯರು ಹಾಯಿಯನ್ನು ನೋಡುವ ಮುನ್ನ ದೋಣಿಯನ್ನು ನೋಡಲಿ.