ಮನೆ ಸುತ್ತುವ ಬೆಕ್ಕು, ಊರು ಸುತ್ತುವ ವದಂತಿ

ಅರಸೀಕೆರೆ ಕಡೆಯ ಕೊಬ್ಬರಿ ಮನೆಗಳಿಗೆ ಬೆಕ್ಕು ಬೇಕೇ ಬೇಕು. ತೆಂಗಿನಕಾಯಿ ಉಂಡೆ ಕೊಬ್ಬರಿ ಆಗಬೇಕಾದರೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಬೇಕು. ಅಷ್ಟು ದಿನ ಇಲಿಯಿಂದ ಅದನ್ನು ಕಾಯುವುದು ಬೆಕ್ಕು. ಬೇಲೂರಿನ ಕಾಫಿ, ಮೆಣಸಿನ ಗೋದಾಮಿಗೂ, ಹಳೇಬೀಡು ಕಡೆಯ ರಾಗಿ, ಜೋಳದ ಚೀಲಗಳಿಗೂ ಅದೇ ಕಾವಲು. ಆದರೆ ಬೆಳಿಗ್ಗೆ ಹೊರಟಾಗ ಅದೇ ಬೆಕ್ಕು ದಾರಿಗೆ ಅಡ್ಡ ಬಂದರೆ ಬೈಕ್ ನಿಲ್ಲಿಸಿ ಇನ್ನೊಬ್ಬರು ದಾಟಲಿ ಅಂತ ಕಾಯುವವರಿದ್ದಾರೆ. ಹೀಗೆ ಕಾಯುವವರಲ್ಲಿ ನಮ್ಮವರೂ ಇದ್ದಾರೆ. ಶಕುನ ನೋಡುವುದು ನಮ್ಮ ದೀನ್‌ನಲ್ಲಿ ಇಲ್ಲ ಅನ್ನುವುದನ್ನು ಮದ್ರಸದ ಮಕ್ಕಳೂ ಬಲ್ಲರು.

ಇನ್ನೊಂದು ರೀತಿಯಲ್ಲೂ ಬೆಕ್ಕು ನಮ್ಮ ದಾರಿಗೆ ಅಡ್ಡ ಬರುತ್ತದೆ. 'ಆ ಹೋಟೆಲ್ ಬಿರಿಯಾನಿಯಲ್ಲಿ ಬೆಕ್ಕಿನ ಮಾಂಸ ಅಂತೆ' ಎಂಬ ಒಂದು ಸಾಲು ಮೊಬೈಲ್‌ಗೆ ಬಂದರೆ ಸಾಕು, ಸಂಜೆಯೊಳಗೆ ಹತ್ತು ಗುಂಪುಗಳಿಗೆ ಹೋಗಿರುತ್ತದೆ. ಘಾಟಿ ಹತ್ತಿ ಬಂದು ಹೋಟೆಲ್, ಮೀನು, ಕೋಳಿ ಅಂಗಡಿ ಇಟ್ಟು ಬದುಕು ಕಟ್ಟಿಕೊಂಡ ನಮ್ಮ ಕುಟುಂಬಗಳಿಗೆ ಇದು ತಮಾಷೆಯ ಮಾತಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗೆ.

ಹಾಗಾಗಿ ನಮ್ಮ ನಿಲುವು ಏನು ಅನ್ನುವುದು ಮೊದಲು ನಮಗೇ ಸ್ಪಷ್ಟವಾಗಿರಬೇಕು. ಬೆಕ್ಕು ನಜಸ್ ಅಲ್ಲ. ವುಝೂ ಮಾಡಲು ಇಟ್ಟ ನೀರಿಗೆ ಬೆಕ್ಕು ಬಾಯಿ ಹಾಕಲು ಬಂದಾಗ ಅಬೂಖತಾದ(ರ) ಅದು ಕುಡಿಯಲಿ ಎಂದು ಪಾತ್ರೆಯನ್ನೇ ಬಾಗಿಸಿದರು. ನೋಡುತ್ತಿದ್ದ ಸೊಸೆ ಕಬ್ಶಾರಿಗೆ ಅಚ್ಚರಿಯಾಯಿತು. ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡಿಕೊಂಡಿರುವ ಜೀವ ಎಂದು ಪ್ರವಾದಿ(ಸ) ಹೇಳಿದ್ದನ್ನು ಅವರು ಆಗ ತಿಳಿಸಿದರು. ಅತಿ ಹೆಚ್ಚು ಹದೀಸ್ ವರದಿ ಮಾಡಿದ ಸಹಾಬಿಯ ಹೆಸರೇ ಅಬೂಹುರೈರಾ, ಅಂದರೆ ಬೆಕ್ಕಿನ ಮರಿಯ ತಂದೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಊಟ ಕೊಡದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಣ್ಣೊಬ್ಬಳು ಅದೇ ಕಾರಣಕ್ಕೆ ನರಕಕ್ಕೆ ಹೋದಳು ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ಹೀಗೆ ಶುದ್ಧವೆನಿಸಿದ ಬೆಕ್ಕನ್ನು ತಿನ್ನುವಂತಿಲ್ಲ. ಕೋರೆಹಲ್ಲಿನಿಂದ ಬೇಟೆಯಾಡುವ ಪ್ರಾಣಿಗಳ ಮಾಂಸ ನಿಷಿದ್ಧ. ನಾವು ನಡೆಯುವ ಶಾಫಿಈ ಮದ್ಹಬ್‌ನಲ್ಲಿ ಮನೆ ಬೆಕ್ಕು ಆ ಸಾಲಿಗೆ ಸೇರುತ್ತದೆ. ಅಂದರೆ ಈ ನಿಷೇಧ ಅಸಹ್ಯದಿಂದ ಹುಟ್ಟಿದ್ದಲ್ಲ. ಜೊತೆಯಲ್ಲಿ ಬದುಕುವ, ಮುಟ್ಟಬಹುದಾದ, ಮಡಿಲಲ್ಲಿ ಕೂರಿಸಿಕೊಳ್ಳಬಹುದಾದ ಜೀವವೊಂದು ತಟ್ಟೆಗೆ ಮಾತ್ರ ಬರಬಾರದು. ಇಷ್ಟು ತಿಳಿದವರಿಗೆ ಹಲಾಲ್ ಬೋರ್ಡ್ ಹಾಕಿದ ಕಡೆ ಬೆಕ್ಕಿನ ಮಾಂಸ ಅನ್ನುವ ಮಾತು ಎಷ್ಟು ನೋವು ಕೊಡುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನೋವಿನಿಂದ ಜಗಳ ಕಾಯುವುದು ಉತ್ತರವಲ್ಲ. ನಮ್ಮ ಉತ್ತರ ಕಾಗದದ ಮೇಲೆ ಇರಬೇಕು. ಆಹಾರ ಸುರಕ್ಷತಾ ಕಾಯ್ದೆಯ 2011ರ ನಿಯಮಗಳಲ್ಲಿ ಆಹಾರಕ್ಕಾಗಿ ವಧಿಸಬಹುದಾದ ಪ್ರಾಣಿಗಳನ್ನು ಹೆಸರಿಸಲಾಗಿದೆ. ಅದರಲ್ಲಿ ಬೆಕ್ಕು ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಯನ್ನು ಕೇಡು ಬಗೆದು ಕೊಂದರೆ ಐದು ವರ್ಷದವರೆಗೆ ಜೈಲಾಗಬಹುದು. ಮಾಂಸ ಯಾವ ಪ್ರಾಣಿಯದು ಅಂತ ಡಿಎನ್‌ಎ ಪರೀಕ್ಷೆಯಿಂದ ಹೇಳುವ ಪ್ರಯೋಗಾಲಯಗಳು ಹೈದರಾಬಾದಿನಲ್ಲಿವೆ. ಆದ್ದರಿಂದ ಹೋಟೆಲ್ ನಡೆಸುವ ಸಹೋದರರಲ್ಲಿ ನಮ್ಮ ಮನವಿ ಇಷ್ಟೇ: ಲೈಸೆನ್ಸ್ ಗೋಡೆ ಮೇಲೆ ಕಾಣುವಂತೆ ಇರಲಿ, ಮಾಂಸ ತಂದ ಬಿಲ್ ದಿನದಿನದ್ದು ಫೈಲಿನಲ್ಲಿರಲಿ, ಅಡುಗೆಮನೆ ನೋಡಬೇಕು ಅಂದವರಿಗೆ ಬನ್ನಿ ಅನ್ನುವಷ್ಟು ಚೊಕ್ಕಟವಾಗಿರಲಿ. ವದಂತಿ ಬಂದರೆ ಗುಂಪು ಸೇರಿಸಬೇಡಿ, ಸ್ಕ್ರೀನ್‌ಶಾಟ್ ಹಿಡಿದು ಪೊಲೀಸರಿಗೆ, ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಬೇರೆಯವರ ತಟ್ಟೆ ನೋಡಿ ಮೂಗು ಮುರಿಯುವ ಚಾಳಿ ನಮ್ಮಲ್ಲಿಲ್ಲವೇ? ಮಲೆನಾಡಿನ ಗದ್ದೆ ಏಡಿ ಸಾರಿನ ಬಗ್ಗೆ, ಹಂದಿ ತಿನ್ನುವ ನೆರೆಯವರ ಬಗ್ಗೆ ನಮ್ಮ ಜಗಲಿಗಳಲ್ಲಿ ಬರುವ ಮಾತು ಎಂಥದ್ದು? ನಾವು ಖುಷಿಯಿಂದ ತಿನ್ನುವ ಸಿಗಡಿಯ ಬಗ್ಗೆ ಹನಫಿ ಉಲಮಾಗಳಲ್ಲೇ ಎರಡು ಅಭಿಪ್ರಾಯಗಳಿವೆ. ಹಾಗಂತ ಉರ್ದು ಮಾತಾಡುವ ಪಕ್ಕದ ಮನೆಯವರು ನಮ್ಮನ್ನು ಹೀಗಳೆಯುವುದಿಲ್ಲ. ಹಳೇಬೀಡಿನ ಬಸದಿಗಳಲ್ಲಿ, ಅರಸೀಕೆರೆಯಲ್ಲಿ 1220ರಲ್ಲಿ ಕಟ್ಟಿದ ಸಹಸ್ರಕೂಟ ಜಿನಾಲಯದಲ್ಲಿ ಕೈಮುಗಿಯುವವರಿಗೆ ಯಾವ ಮಾಂಸವೂ ಆಗದು. ಬೇಲೂರು ಚೆನ್ನಕೇಶವನ ತೇರಿನ ದಿನ ಕುರ್‌ಆನ್ ಓದುವ ಸಂಪ್ರದಾಯ ಬೆಳೆದ ಊರುಗಳು ಇವು. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ ಅಂತ ಗೊತ್ತಿದ್ದೂ ಒಟ್ಟಿಗೆ ಬಾಳಿದ್ದಾರೆ.

ಇದಕ್ಕೂ ನಮಗೆ ಮಾದರಿ ಇದೆ. ಒಮ್ಮೆ ಸುಟ್ಟ ಉಡದಂಥ ಮರಳುಗಾಡಿನ ಪ್ರಾಣಿಯನ್ನು ಊಟಕ್ಕೆ ಇಟ್ಟಾಗ ಪ್ರವಾದಿ(ಸ) ಕೈ ಹಿಂದೆಗೆದರು. ಇದು ಹರಾಮೇ ಎಂದು ಕೇಳಿದಾಗ ಅಲ್ಲ, ನಮ್ಮ ನಾಡಿನಲ್ಲಿ ರೂಢಿಯಿಲ್ಲ, ಮನಸ್ಸು ಒಪ್ಪುತ್ತಿಲ್ಲ ಎಂದರು. ಎದುರಿಗೇ ಕೂತು ಖಾಲಿದ್ ಬಿನ್ ವಲೀದ್(ರ) ಅದನ್ನು ತಿಂದರು. ಪ್ರವಾದಿ(ಸ) ತಡೆಯಲಿಲ್ಲ, ಹಳಿಯಲೂ ಇಲ್ಲ. ತನಗೆ ಒಗ್ಗದ ಊಟ ಇನ್ನೊಬ್ಬರ ಮುಂದಿರುವಾಗ ಹೇಗೆ ಕೂರಬೇಕು ಅನ್ನುವುದಕ್ಕೆ ಇದಕ್ಕಿಂತ ಪಾಠ ಬೇಕೇ?

ಇನ್ನು ಬೆಕ್ಕಿನ ವಿಷಯ. ಮರಿಗಳನ್ನು ಚೀಲದಲ್ಲಿ ತುಂಬಿ ಮೀನು ಮಾರ್ಕೆಟ್ ಬಳಿ ಬಿಟ್ಟು ಬರುವುದು ನಮ್ಮ ಮನೆಗಳಲ್ಲೂ ನಡೆಯುತ್ತದೆ. 'ಅಲ್ಲಿ ಮೀನು ಸಿಗುತ್ತಲ್ಲ' ಅನ್ನುವುದು ನೆಪ ಅಷ್ಟೆ. ತಾಯಿ ಹಾಲು ಬಿಡದ ಮರಿ ಮೀನು ತಿನ್ನುತ್ತದೆಯೇ? ಸಾಕಲಾಗದಿದ್ದರೆ ಪಶು ವೈದ್ಯರ ಹತ್ತಿರ ಸಂತಾನಹರಣ ಶಸ್ತ್ರಚಿಕಿತ್ಸೆ ಬಗ್ಗೆ ಕೇಳಿ, ಇಲ್ಲವೇ ಮರಿ ದೊಡ್ಡದಾದ ಮೇಲೆ ಕೊಬ್ಬರಿ ಮನೆಯವರಿಗೆ ಕೊಡಿ, ಅವರು ಬೇಡ ಅನ್ನಲಾರರು. ತೋಟದಲ್ಲಿ ಸಿಗುವ ಪುನುಗು ಬೆಕ್ಕು, ಕಾಡುಬೆಕ್ಕುಗಳ ತಂಟೆಗಂತೂ ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅವುಗಳ ಬೇಟೆ ಅಪರಾಧ.

ನಾವು ಬೆಕ್ಕು ತಿನ್ನುವವರಲ್ಲ ಅಂತ ಊರಿಗೆ ಕೂಗಿ ಹೇಳುವ ಅಗತ್ಯವಿಲ್ಲ. ನಮ್ಮ ಅಂಗಳದ ಬೆಕ್ಕು ಹೊಟ್ಟೆ ತುಂಬಿ, ಭಯವಿಲ್ಲದೆ ಮಲಗಿರುವುದನ್ನು ದಾರಿಯಲ್ಲಿ ಹೋಗುವವರು ನೋಡಲಿ.