ದುಡಿದವರ ದುಡ್ಡು ತಡೆಹಿಡಿಯಬೇಡಿ



ಸಣ್ಣ ಉದ್ದಿಮೆಗೆ ಸರ್ಕಾರದ ನೆರವು ಎಂದೊಡನೆ ನಮಗೆ ನೆನಪಾಗುವುದು ಸಾಲ, ಸಬ್ಸಿಡಿ. ಮುದ್ರಾ ಇದೆ, ಪಿಎಂಇಜಿಪಿ ಇದೆ, ದಾರಿ ತೋರಿಸಲು ಜಿಲ್ಲಾ ಕೈಗಾರಿಕಾ ಕೇಂದ್ರವಿದೆ. ಆದರೆ ಪೀಣ್ಯದ ಲೇತ್ ವರ್ಕ್‌ಶಾಪಿನವರನ್ನೋ ಬೆಳಗಾವಿಯ ಫೌಂಡ್ರಿಯವರನ್ನೋ ಮಾತಾಡಿಸಿ ನೋಡಿ. ಎಷ್ಟೋ ಜನರಿಗೆ ಬೇಕಿರುವುದು ಹೊಸ ಸಾಲವಲ್ಲ, ಮಾಡಿಕೊಟ್ಟ ಕೆಲಸದ ದುಡ್ಡು.

ಮಾಲು ಕಳಿಸಿ ಬಿಲ್ಲು ಕೊಟ್ಟಾಯಿತು. ಮುಂದಿನ ತಿಂಗಳು ಅದರ ಜಿಎಸ್‌ಟಿಯನ್ನು ಕೈಯಿಂದ ಕಟ್ಟಿದ್ದೂ ಆಯಿತು. ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು ಯಾವುದೂ ಕಾಯುವುದಿಲ್ಲ. ಆಚೆಯಿಂದ ಮಾತ್ರ ಒಂದೇ ಉತ್ತರ: "ಸಾಹೇಬರ ಸೈನ್ ಆಗಬೇಕು, ಮುಂದಿನ ವಾರ ನೋಡೋಣ." ಕೊನೆಗೆ ಬಡ್ಡಿ ತೆತ್ತು ಕೈಸಾಲ ಮಾಡಬೇಕು. ದೊಡ್ಡ ಕಂಪನಿಗೆ ಬಡ್ಡಿಯಿಲ್ಲದ ಬಂಡವಾಳ ಒದಗಿಸುತ್ತಿರುವವರು ನಾಲ್ಕೈದು ಕೆಲಸಗಾರರನ್ನಿಟ್ಟುಕೊಂಡ ಈ ಮಾಲೀಕರೇ.

ಇದಕ್ಕೆ ಕಾನೂನಿಲ್ಲವೇ? ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯಿಂದ ಸರಕು, ಸೇವೆ ಪಡೆದವರು ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಕೊಡದವರ ಮೇಲೆ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು. 2017ರಲ್ಲಿ ಸಮಾಧಾನ್ ಪೋರ್ಟಲ್ ಬಂದಂದಿನಿಂದ ಅರ್ಜಿಯನ್ನು ಕೂತಲ್ಲಿಂದಲೇ ಹಾಕಲು ಸಾಧ್ಯವಾಗಿದೆ.

ಆದರೂ ಹಲವರು ಸುಮ್ಮನಿರುತ್ತಾರೆ. ದೂರು ಕೊಟ್ಟರೆ ಮುಂದಿನ ಆರ್ಡರ್ ತಪ್ಪೀತೆಂಬ ಭಯ. ಈ ಭಯವನ್ನು ಯಾವ ಕಲಮೂ ನೀಗಿಸಲಾರದು. ಅದು ನಮ್ಮ ನಿಮ್ಮ ಕೆಲಸ. ಹಾಗಾಗಿಯೇ ಈ ಮನವಿ.

ಸಣ್ಣ ಉದ್ದಿಮೆದಾರರೇ, ಮೊದಲು ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನಿಮ್ಮ ಉದ್ದಿಮೆಯ ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ, ಸರ್ಕಾರ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಡಿ. ಜಗಳ ಬಂದ ಮೇಲೆ ಮಾಡಿಸಿದ ನೋಂದಣಿ ಹಳೆಯ ಬಾಕಿಗೆ ನೆರವಾಗದೆ ಹೋಗಬಹುದು. ಆದ್ದರಿಂದ ಆರ್ಡರ್ ಹಿಡಿಯುವ ಮುಂಚೆಯೇ ಮಾಡಿಸಿ, ಪ್ರತಿ ಬಿಲ್ಲಿನ ಮೇಲೂ ಆ ಸಂಖ್ಯೆ ಹಾಕಿ. ಪಿಒ, ಚಲನ್, ಮಾಲು ತಲುಪಿದ್ದಕ್ಕೆ ಸಹಿ ಎಲ್ಲವನ್ನೂ ಜೋಪಾನವಾಗಿಡಿ. ಒಂದು ಮಾತು: ಕೊಂಡು ಮಾರುವ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಈ 45 ದಿನದ ರಕ್ಷಣೆ ಸಿಗುವುದಿಲ್ಲ.

ಕೈಗಾರಿಕಾ ಸಂಘಗಳ ಪದಾಧಿಕಾರಿಗಳೇ, ಒಬ್ಬೊಬ್ಬರನ್ನೇ ಮುಂದೆ ತಳ್ಳಬೇಡಿ. ಬಾಕಿ ಉಳಿಸಿಕೊಂಡವರಿಗೆ ಸಂಘದ ಲೆಟರ್‌ಹೆಡ್‌ನಲ್ಲಿ ಪತ್ರ ಹೋಗಲಿ. ಹತ್ತು ಜನ ಒಟ್ಟಿಗೆ ಕೇಳಿದರೆ ಯಾರ ಆರ್ಡರ್ ಅಂತ ಕತ್ತರಿಸುತ್ತಾರೆ?

ಕಂಪನಿಗಳ ಅಕೌಂಟ್ಸ್, ಪರ್ಚೇಸ್ ವಿಭಾಗಗಳಲ್ಲಿರುವ ಗೆಳೆಯರೇ, ಸರ್ಕಾರಿ ಇಲಾಖೆ, ನಿಗಮಗಳಲ್ಲಿ ಬಿಲ್ಲು ಪಾಸು ಮಾಡುವವರೇ, ನಿಮ್ಮಲ್ಲಿ ನನ್ನ ವಿನಂತಿ ಎಲ್ಲರಿಗಿಂತ ಹೆಚ್ಚು. ಕಾಯ್ದೆ ಖಾಸಗಿ, ಸರ್ಕಾರಿ ಎಂದು ಭೇದ ಮಾಡುವುದಿಲ್ಲ. ಗಡುವು ಮೀರಿದ ಬಾಕಿ ವರ್ಷಾಂತ್ಯಕ್ಕೂ ಉಳಿದರೆ ಅದನ್ನು ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ ಎಂಬ ನಿಯಮವೂ 2023-24ರ ಲೆಕ್ಕದಿಂದ ಬಂದಿದೆ. ಮೇಲಿನವರಿಗೆ ಇದನ್ನು ತಿಳಿಸಿ ಹೇಳುವ ಜಾಗದಲ್ಲಿ ನೀವಿದ್ದೀರಿ. ಮಾಲಿನಲ್ಲಿ ತಕರಾರಿದ್ದರೆ 15 ದಿನದೊಳಗೆ ಬರೆದು ತಿಳಿಸಿ. ಇಲ್ಲದಿದ್ದರೆ ನೆಪ ಹುಡುಕಬೇಡಿ.

ಈ ತಿಂಗಳ ಪಾವತಿ ಪಟ್ಟಿ ತಯಾರಿಸುವಾಗ ಉದ್ಯಮ್ ಸಂಖ್ಯೆಯಿರುವ ಬಿಲ್ಲುಗಳನ್ನು ಬೇರೆ ತೆಗೆದು ಮೊದಲು ಸಹಿಗೆ ಇಡಿ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಬಜೆಟ್ಟಿನಲ್ಲಿ ಅನುದಾನವೂ ಬೇಕಿಲ್ಲ.